ಮಕ್ಕಳಿಲ್ಲದ ಒಂದು ವಾರ, ಗೆಳತಿಯ ಜೊತೆ: ಮೂರು ಕ್ರೂಸ್ ಹಡಗು ಹತ್ತಿ ಇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವರ್ಜಿನ್ ವಾಯೇಜಸ್‌ಗೆ. ನಾನು ಮತ್ತು ನನ್ನ ಗೆಳತಿ ಮೂರು ಬೇರೆ ಬೇರೆ ವರ್ಷಗಳಲ್ಲಿ ಮೂರು ಕಂಪನಿಯ ಹಡಗು ಹತ್ತಿದ್ದೇವೆ. ಮೊದಲನೆಯದು ಮಕ್ಕಳು ಮರಿ ಸಮೇತ ಎಲ್ಲರೂ ಹೋಗುವ ದೊಡ್ಡ ಹಡಗು. ಎರಡನೆಯದು ವೈಕಿಂಗ್. ಮೂರನೆಯದು ವರ್ಜಿನ್. ಮೊದಲನೆಯದರ ಹೆಸರು ಬರೆಯುವುದಿಲ್ಲ. ಅಲ್ಲಿ ನಮಗಾದ ಕಷ್ಟ ಬೇರೆ ಎಷ್ಟೋ ಕಂಪನಿಗಳಲ್ಲೂ ಆಗಬಹುದು.

ನನಗೆ ಇಬ್ಬರು ಮಕ್ಕಳು, ಅವಳಿಗೆ ಒಬ್ಬ ಮಗ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಒಂದು ವಾರ ನಾವಿಬ್ಬರೇ ಹೋಗಬೇಕು ಅಂತ ಎಷ್ಟೋ ವರ್ಷದಿಂದ ಮಾತಾಡಿಕೊಂಡಿದ್ದೆವು. ಅವಳು ರಾತ್ರಿ ಜೀವಿ. ಹನ್ನೊಂದಕ್ಕೆ ಅವಳ ಸಂಜೆ ಶುರು. ನನಗೆ ಬೆಳಿಗ್ಗೆ ಐದಕ್ಕೆ ತಾನಾಗಿಯೇ ಎಚ್ಚರ ಆಗುತ್ತದೆ. ಮುಂದೆ ಹೇಳುವುದಕ್ಕೆಲ್ಲ ಈ ವ್ಯತ್ಯಾಸವೇ ಕಾರಣ, ನೆನಪಿರಲಿ. ಹಡಗಿಗೆ ಎಷ್ಟು ಅಂತಸ್ತು, ಎಷ್ಟು ಈಜುಕೊಳ ಅನ್ನುವುದನ್ನು ಕಂಪನಿಯವರೇ ಹೇಳುತ್ತಾರೆ, ಅದನ್ನು ಬಿಡೋಣ.

ಮೊದಲ ಹಡಗು ಆರಿಸಿದ್ದು ಬೆಲೆ ಕಡಿಮೆ ಅಂತ. ದೊಡ್ಡವರಿಗೇ ಮೀಸಲಾದ ಜಾಗ ಇದೆ ಅನ್ನುವ ಧೈರ್ಯವೂ ಇತ್ತು. ಇಂಥ ಜಾಗ ದೊಡ್ಡ ಹಡಗುಗಳಲ್ಲಿ ಸಾಮಾನ್ಯ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಸೋಲೇರಿಯಮ್ ಅಂತಾರೆ, 16 ತುಂಬಿದವರಿಗೆ. ಕಾರ್ನಿವಲ್‌ನಲ್ಲಿ ಸೆರೆನಿಟಿ, 21 ತುಂಬಿರಬೇಕು. ನಾರ್ವೀಜಿಯನ್ ಅನ್ನುವ ಕಂಪನಿಯ ಕೆಲವು ಹಡಗುಗಳಲ್ಲಿ ವೈಬ್ ಅಂತ ಇದೆ, 18 ದಾಟಿದವರಿಗೆ, ಬೇರೆ ದುಡ್ಡು ಕೊಟ್ಟು ಪಾಸ್ ತಗೋಬೇಕು. ನಮ್ಮ ಹಡಗಿನಲ್ಲೂ ಒಂದು ಮೂಲೆ ಇತ್ತು. ಚೆನ್ನಾಗಿಯೇ ಇತ್ತು. ಆದರೆ ಅದು ಮೂಲೆ ಅಷ್ಟೇ. ಬೆಳಿಗ್ಗೆ ತಿಂಡಿಗೆ ಹೋದರೆ, ಲಿಫ್ಟ್‌ಗೆ ಕಾದರೆ, ಕಾರಿಡಾರ್‌ನಲ್ಲಿ ನಡೆದರೆ ಸುತ್ತಲೂ ಮಕ್ಕಳು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ರಜೆಯೂ ಹೌದು. ನನ್ನ ಕಷ್ಟ ಬೇರೆ. ಎಲ್ಲೋ ಒಂದು ಮಗು 'ಮಮ್ಮೀ' ಅಂತ ಕೂಗಿದರೆ ನನ್ನ ತಲೆ ತಾನಾಗಿಯೇ ಆ ಕಡೆ ತಿರುಗುತ್ತದೆ. ಯಾವ ಭಾಷೆಯಲ್ಲಿ ಕೂಗಿದರೂ ಅಷ್ಟೇ. ಅತ್ತರೆ ಎದ್ದೇ ನಿಲ್ಲುತ್ತೇನೆ. ಮೂರನೇ ದಿನ ಗೆಳತಿ ನನ್ನ ಕೈ ಹಿಡಿದು ಕೂರಿಸಿ, 'ಅದು ನಿನ್ನ ಮಗು ಅಲ್ಲ ಕಣೇ, ಅದರ ಅಮ್ಮ ಅಲ್ಲೇ ಇದ್ದಾಳೆ' ಅಂದಳು. ದಣಿವು ಕಳೆಯಲಿ ಅಂತ ಬಂದವಳಿಗೆ ಅದು ಕಳೆಯಲೇ ಇಲ್ಲ.

ಆದರೂ ಆ ಪ್ರಯಾಣ ಕೆಟ್ಟದ್ದು ಮಕ್ಕಳಿಂದಲ್ಲ. ಕೆಟ್ಟದ್ದು ಹಾಸಿಗೆಯಿಂದ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೆಳತಿ ಜೊತೆ ಹೋಗುವವರೆಲ್ಲ ತಿಳಿದಿರಬೇಕಾದದ್ದು ಇದೇ. ಬುಕಿಂಗ್ ಪುಟದ ಫೋಟೊದಲ್ಲಿ ಕಾಣುವ ದೊಡ್ಡ ಹಾಸಿಗೆ ಹೆಚ್ಚಿನ ಕ್ಯಾಬಿನ್‌ಗಳಲ್ಲಿ ನಿಜಕ್ಕೂ ಒಂದು ಹಾಸಿಗೆ ಅಲ್ಲ. ಎರಡು ಸಣ್ಣ ಮಂಚ ಸೇರಿಸಿ ಹಾಸಿರುತ್ತಾರೆ. ಇಬ್ಬರು ಬರುತ್ತಾರೆ ಅಂದರೆ ಗಂಡ ಹೆಂಡತಿ ಅಂತಲೇ ಲೆಕ್ಕ. ಬೇರೆ ಬೇರೆ ಬೇಕಿದ್ದರೆ ಮೊದಲೇ ಹೇಳಬೇಕು. ಬುಕ್ ಮಾಡುವಾಗ ಅದಕ್ಕೊಂದು ಆಯ್ಕೆ ಇತ್ತಂತೆ, ನಮ್ಮ ಕಣ್ಣಿಗೆ ಬೀಳಲಿಲ್ಲ. ಹತ್ತಿದ ದಿನ ಬಾಗಿಲು ತೆಗೆದರೆ ಒಂದೇ ದೊಡ್ಡ ಹಾಸಿಗೆ. ಕ್ಯಾಬಿನ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದೆವು. ಸಂಜೆ ಮಾಡಿಕೊಡುತ್ತೇನೆ ಅಂದ. ರಾತ್ರಿ ಬಂದು ನೋಡಿದರೆ ಹಾಗೇ ಇತ್ತು. ಮಾರನೇ ದಿನ ಕೆಳಗಿನ ಕೌಂಟರ್‌ಗೆ ಹೋದೆವು. ಒಬ್ಬರು ಈ ಕ್ಯಾಬಿನ್‌ನಲ್ಲಿ ಆಗುವುದಿಲ್ಲ ಅಂದರು. ಇನ್ನೊಬ್ಬರು ಆಗುತ್ತದೆ ಅಂದರು. ಅರ್ಧ ದಿನ ಅದಕ್ಕೇ ಹೋಯಿತು.

ಎರಡನೇ ರಾತ್ರಿ ಮಂಚ ಬೇರೆ ಮಾಡಿದರು. ಆಗ ನಿಜವಾದ ಸಮಸ್ಯೆ ಶುರುವಾಯಿತು. ಒಂದು ಮಂಚ ಹೋಗಿ ಬಾಲ್ಕನಿಯ ಗಾಜಿನ ಬಾಗಿಲಿಗೆ ಅಡ್ಡ ನಿಂತಿತು. ಇನ್ನೊಂದು ಬಟ್ಟೆ ಕಪಾಟಿಗೆ ತಾಗಿತು, ಕಪಾಟಿನ ಬಾಗಿಲು ಅರ್ಧವೇ ತೆಗೆಯುತ್ತಿತ್ತು. ಬಾಲ್ಕನಿಗೆ ಹೋಗಬೇಕೆಂದರೆ ಗೆಳತಿ ಮಲಗಿದ ಮಂಚ ಹತ್ತಿ ಇಳಿಯಬೇಕು. ಅವಳು ಮಲಗುವುದೇ ಎರಡು ಗಂಟೆಗೆ. ನಾನು ಏಳುವುದು ಐದಕ್ಕೆ. ಸೂರ್ಯ ಹುಟ್ಟುವುದನ್ನು ನಮ್ಮದೇ ಬಾಲ್ಕನಿಯಲ್ಲಿ ಕೂತು ನೋಡಬೇಕು ಅನ್ನುವ ಒಂದೇ ಆಸೆಗೆ ಕಿಟಕಿ ಕ್ಯಾಬಿನ್ ಬಿಟ್ಟು ಜಾಸ್ತಿ ದುಡ್ಡು ಕೊಟ್ಟಿದ್ದೆ. ಮೂರು ಗಂಟೆ ಹಿಂದೆ ಮಲಗಿದವಳನ್ನು ಹೇಗೆ ಎಬ್ಬಿಸಲಿ? ಕತ್ತಲಲ್ಲಿ ಬಟ್ಟೆ ಹುಡುಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಆರು ದಿನವೂ ಬೆಳಿಗ್ಗೆ ಮೇಲಿನ ಡೆಕ್‌ಗೆ ಹೋದೆ. ಅಲ್ಲಿ ನೆಲ ತೊಳೆಯುತ್ತಿರುತ್ತಿದ್ದರು. ನೀರಿಲ್ಲದ ಒಂದು ಮೂಲೆ ಹುಡುಕಿ ನಿಲ್ಲುತ್ತಿದ್ದೆ. ಅವಳಿಗೆ ಇದು ಗೊತ್ತಾದಾಗ ನನಗಿಂತ ಅವಳಿಗೇ ಜಾಸ್ತಿ ಬೇಜಾರಾಯಿತು. 'ಎಬ್ಬಿಸಬಾರದಿತ್ತಾ' ಅಂತ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಸ್ನೇಹದಲ್ಲಿ ನಮ್ಮಿಬ್ಬರ ನಡುವೆ ಹಾಗೆ ಆಗಿದ್ದೇ ಇಲ್ಲ.

ಆಮೇಲೆ ಕೇಳಿ ತಿಳಿದುಕೊಂಡೆ. ಒಂದೇ ದರದ, ಒಂದೇ ಸಾಲಿನ ಕ್ಯಾಬಿನ್‌ಗಳಲ್ಲೂ ಹಾಸಿಗೆಯ ಜಾಗ ಬೇರೆ ಬೇರೆ ಇರುತ್ತದೆ. ಒಂದರಲ್ಲಿ ಬಾಲ್ಕನಿ ಹತ್ತಿರ, ಪಕ್ಕದ್ದರಲ್ಲಿ ಬಚ್ಚಲಮನೆ ಹತ್ತಿರ. ಹಾಗಾಗಿ ಈಗ ಕ್ಯಾಬಿನ್ ನಂಬರ್ ಹೇಳಿಯೇ ಕೇಳುತ್ತೇನೆ. ಈ ಕ್ಯಾಬಿನ್‌ನಲ್ಲಿ ಮಂಚ ಬೇರೆ ಆಗುತ್ತದಾ? ಆದ ಮೇಲೆ ಎಲ್ಲಿ ನಿಲ್ಲುತ್ತದೆ? ಬಾಲ್ಕನಿಗೆ ದಾರಿ ಉಳಿಯುತ್ತದಾ? ಎರಡನೇ ಹಾಸಿಗೆ ಅಂತ ಗೋಡೆಯಿಂದ ಇಳಿಸುವ ಮೇಲಿನ ಬಂಕ್ ಕೊಡುವುದಿಲ್ಲ ತಾನೇ? ಫೋನಿನಲ್ಲಿ ಹೂಂ ಅಂದರೆ ನಾನು ಒಪ್ಪುವುದಿಲ್ಲ. ಬರೆದು ಕಳಿಸಬೇಕು.

ಬಿಲ್ ವಿಷಯ ಒಂದೇ ಮಾತು: ಹತ್ತಿದ ಮೊದಲ ದಿನವೇ ಇಬ್ಬರ ಕಾರ್ಡೂ ಬೇರೆ ಬೇರೆ ಸೇರಿಸಿ. ಇಲ್ಲದಿದ್ದರೆ ಇಬ್ಬರ ಖರ್ಚೂ ಒಬ್ಬರ ಕಾರ್ಡ್ ಮೇಲೆ ಬೀಳುವ ಸಾಧ್ಯತೆ ಇದೆ.

ಎರಡನೇ ಸಲ ಒಂದು ಮಗುವೂ ಇರಬಾರದು ಅಂತ ಗಟ್ಟಿ ಮಾಡಿಕೊಂಡು ವೈಕಿಂಗ್‌ನಲ್ಲಿ ಹೋದೆವು. ಅದಕ್ಕಾಗಿ ಎರಡು ವರ್ಷ ದುಡ್ಡು ಕೂಡಿಟ್ಟೆವು. ವೈಕಿಂಗ್ ಮೊದಲು ನದಿಗಳಲ್ಲಿ ಹಡಗು ಓಡಿಸುತ್ತಿದ್ದ ಕಂಪನಿ, ಸಮುದ್ರಕ್ಕೆ ಇಳಿದದ್ದು 2015ರಲ್ಲಿ. ಆ ನದಿಯ ನಿಧಾನ ಸಮುದ್ರದಲ್ಲೂ ಉಳಿದುಕೊಂಡಿದೆ. ಅವರ ಮೊದಲ ಸಮುದ್ರ ಹಡಗು ವೈಕಿಂಗ್ ಸ್ಟಾರ್‌ಗೆ 930 ಜನ. 18ರ ಕೆಳಗಿನವರಿಗೆ ಪ್ರವೇಶ ಇಲ್ಲ. ಕ್ಯಾಸಿನೊ ಇಲ್ಲ. ಎಲ್ಲ ಕ್ಯಾಬಿನ್‌ಗೂ ಬಾಲ್ಕನಿ ಇದೆ. ಪ್ರತಿ ಬಂದರಿನಲ್ಲೂ ಒಂದು ಸುತ್ತಾಟ ಟಿಕೆಟ್‌ನಲ್ಲೇ ಸೇರಿದೆ, ವೈಫೈ ಕೂಡ. ಬಟ್ಟೆ ಒಗೆಯುವ ಯಂತ್ರಗಳನ್ನು ಪುಕ್ಕಟೆ ಬಳಸಬಹುದು. ಇದರಿಂದ ಲಗೇಜ್ ಅರ್ಧಕ್ಕೆ ಇಳಿಯಿತು. ಸ್ಪಾದೊಳಗೆ ಹಿಮ ತುಂಬಿದ ಪುಟ್ಟ ಕೋಣೆ ಇದೆ. ಬಿಸಿ ಕೋಣೆಯಲ್ಲಿ ಬೆವರಿ, ಆ ಹಿಮದೊಳಗೆ ಹೋಗಿ ನಿಂತರೆ ಮೈಯೆಲ್ಲ ಹೊಸದಾಗುತ್ತದೆ. ಇದಕ್ಕೂ ಬೇರೆ ದುಡ್ಡಿಲ್ಲ.

ನಾನೊಬ್ಬಳೇ ಆಗಿದ್ದರೆ, ಕೈಯಲ್ಲಿ ದುಡ್ಡೂ ಇದ್ದಿದ್ದರೆ, ನನ್ನ ಆಯ್ಕೆ ವೈಕಿಂಗ್ ಆಗುತ್ತಿತ್ತು. ಪುಸ್ತಕ ಹಿಡಿದು ದೊಡ್ಡ ಕಿಟಕಿಯ ಪಕ್ಕ ಮೂರು ಗಂಟೆ ಕೂತರೂ ಯಾರೂ ಏನೂ ಕೇಳುವುದಿಲ್ಲ. ಆದರೆ ಅಲ್ಲಿ ಹೆಚ್ಚಿನವರು ನಮಗಿಂತ ತುಂಬಾ ದೊಡ್ಡವರು, ಬೇಗ ಮಲಗುವವರು. ರಾತ್ರಿ ಹತ್ತೂವರೆಗೆ ಗೆಳತಿ, 'ತುಂಬಾ ಚೆನ್ನಾಗಿದೆ ಕಣೇ, ಆದರೆ ನನಗಿನ್ನೂ ನಿದ್ದೆ ಬರ್ತಿಲ್ಲ' ಅಂತ ಮೆಲ್ಲಗೆ ಹೇಳಿದಳು. ಅವಳೂ ಅಷ್ಟೇ ದುಡ್ಡು ಕೊಟ್ಟಿದ್ದಾಳೆ, ಅಲ್ವಾ? ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಮೂರನೆಯದು ವರ್ಜಿನ್. ನಾವು ಹೋಗಿದ್ದು ವೇಲಿಯಂಟ್ ಲೇಡಿ ಹಡಗಿನಲ್ಲಿ, ಬಾರ್ಸಿಲೋನಾದಿಂದ. ಈ ಕಂಪನಿ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2021ರಿಂದ. ಮೊದಲ ದಿನದಿಂದಲೂ ಇಡೀ ಹಡಗು 18 ದಾಟಿದವರಿಗೆ ಮಾತ್ರ. ಸುಮಾರು 2,770 ಜನ ಹಿಡಿಸುವ ಹಡಗು, ವೈಕಿಂಗ್‌ನ ಮೂರರಷ್ಟು. ಸಂಗೀತ, ಕುಣಿತ, ತಡರಾತ್ರಿಯ ಕಾರ್ಯಕ್ರಮ ಎಲ್ಲ ಇದೆ. ಹಾಗಂತ ಎಲ್ಲರೂ ಇಪ್ಪತ್ತರ ಹುಡುಗ ಹುಡುಗಿಯರಲ್ಲ, ನಮ್ಮ ವಯಸ್ಸಿನವರೇ ಬೇಕಾದಷ್ಟು ಇದ್ದರು.

ಹತ್ತುವ ಮೊದಲೇ ಎರಡು ಹಾಸಿಗೆ ಕೇಳಿದ್ದೆವು. ಬಾಗಿಲು ತೆಗೆದಾಗ ಬೇರೆ ಬೇರೆಯೇ ಇದ್ದವು. ಬಾಲ್ಕನಿಗೆ ದಾರಿಯೂ ಇತ್ತು. ಬಾಲ್ಕನಿಯಲ್ಲಿ ಕೆಂಪು ಹಗ್ಗದ ಜೋಲಿ. ಮೊದಲ ಬೆಳಿಗ್ಗೆ ಐದಕ್ಕೆ ಎದ್ದು, ಬಾಗಿಲು ಮೆಲ್ಲಗೆ ಸರಿಸಿ, ಶಾಲು ಹೊದ್ದು ಆ ಜೋಲಿಯಲ್ಲಿ ಮಲಗಿದೆ. ಗಾಜಿನ ಆ ಕಡೆ ಗೆಳತಿ ನಿದ್ದೆಯಲ್ಲಿ. ಈ ಕಡೆ ನಾನು, ಕಡಲು, ಕೆಂಪಾಗುತ್ತಿದ್ದ ಆಕಾಶ. ಮೊದಲ ಹಡಗಿನಲ್ಲಿ ಕಳೆದುಕೊಂಡ ಆರು ಬೆಳಿಗ್ಗೆ ಅವತ್ತು ಒಟ್ಟಿಗೆ ವಾಪಸ್ ಸಿಕ್ಕಿದ ಹಾಗಾಯಿತು.

ಊಟದ ವ್ಯವಸ್ಥೆ ಇಬ್ಬರು ಗೆಳತಿಯರಿಗೆ ಹೇಳಿ ಮಾಡಿಸಿದ ಹಾಗಿದೆ. ಬಫೆ ಇಲ್ಲವೇ ಇಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ, ಮೇಜು ಖಾಲಿ ಆಗುವುದನ್ನು ಕಾಯುವ ಗೋಳಿಲ್ಲ. ತಿನ್ನುವ ಜಾಗಗಳು 20ರ ಆಸುಪಾಸು ಇವೆ. ರೆಸ್ಟೋರೆಂಟ್ ಊಟಕ್ಕೆ ಪ್ರವೇಶ ಶುಲ್ಕ ಅಂತ ಬೇರೆ ಕೊಡಬೇಕಿಲ್ಲ. ಮದ್ಯ ಮಾತ್ರ ಸೇರಿಲ್ಲ. ಹಳೇ ಪದ್ಧತಿಯ ಹಡಗುಗಳಲ್ಲಿ ದಿನಾ ಇಷ್ಟೇ ಗಂಟೆಗೆ, ಇದೇ ಮೇಜಿಗೆ ಅಂತ ಇರುತ್ತದೆ. ಇಲ್ಲಿ ಹಾಗಿಲ್ಲ. ಮಾತು ಬೇಕಿದ್ದರೆ ಇಬ್ಬರ ಮೇಜು ಕೇಳಬಹುದು. ಜನ ಬೇಕು ಅನಿಸಿದ ದಿನ ಗುನ್‌ಬೇ ಅನ್ನುವ ಕೊರಿಯನ್ ರೆಸ್ಟೋರೆಂಟ್‌ಗೆ ಹೋಗಬಹುದು. ಅಲ್ಲಿ ಅಪರಿಚಿತರ ಜೊತೆ ಒಂದೇ ಮೇಜು, ಮೇಜಿನ ಮೇಲೇ ಸುಟ್ಟು ಬಡಿಸುತ್ತಾರೆ. ಗೆಳತಿಗೆ ಅಲ್ಲಿ ನಾಲ್ಕು ಜನ ಪರಿಚಯವಾದರು, ವಾರವಿಡೀ ಅವಳ ಕುಣಿತದ ಜೊತೆಗಾರರು ಅವರೇ. ರೆಸ್ಟೋರೆಂಟ್‌ಗಳನ್ನು ಆ್ಯಪ್‌ನಲ್ಲಿ ಮುಂಚೆಯೇ ಕಾಯ್ದಿರಿಸಿಕೊಳ್ಳಿ, ಒಳ್ಳೆಯ ಹೊತ್ತು ಬೇಗ ತುಂಬುತ್ತದೆ.

ಸ್ಪೇನ್‌ನ ಇಬಿಜಾ ದ್ವೀಪದಲ್ಲಿ ಹಡಗು ರಾತ್ರಿಯೂ ನಿಂತಿತ್ತು. ಅವಳು ಆ ಹೊಸ ಸ್ನೇಹಿತರ ಜೊತೆ ಊರು ಸುತ್ತಲು ಹೋದಳು, ನಾನು ಒಂಬತ್ತಕ್ಕೇ ಮಲಗಿದೆ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಬಂದಳು. ಇಬ್ಬರೂ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿದೆವು. ನನಗೆ ಮೊದಲ ಕಾಫಿ, ಅವಳಿಗೆ ಮಲಗುವ ಮುಂಚಿನ ಕೊನೆಯದು. ಬೆಳಿಗ್ಗೆ ನನ್ನದು, ರಾತ್ರಿ ಅವಳದು, ಮಧ್ಯಾಹ್ನ ಇಬ್ಬರದೂ. ವಾರವಿಡೀ ಹೀಗೇ ನಡೆಯಿತು, ಯಾರೂ ಯಾರಿಗಾಗಿಯೂ ಏನನ್ನೂ ಬಿಡಬೇಕಾಗಲಿಲ್ಲ.

ಪೂರ್ತಿ ಮೌನ ಬೇಕಿದ್ದವರಿಗೆ ಈ ಹಡಗು ಹೇಳಿ ಮಾಡಿಸಿದ್ದಲ್ಲ. ಕ್ಯಾಬಿನ್ ಆರಿಸುವಾಗ ಡೆಕ್ ನಕ್ಷೆ ನೋಡಿ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಅಂತಸ್ತು ಹಿಡಿಯಿರಿ. ಹಡಗಿನ ನಡುವೆ ಇದ್ದರೆ ತೂಗಾಟವೂ ಕಡಿಮೆ. ಇದು ಯಾವ ಕಂಪನಿಗಾದರೂ ಅನ್ವಯಿಸುತ್ತದೆ.

ಬೇರೆ ಆಯ್ಕೆಗಳೂ ಇವೆ, ನಾವು ಹತ್ತಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವ ಪಿ ಆ್ಯಂಡ್ ಒ ಕಂಪನಿಯ ಆರ್ಕೇಡಿಯಾ, ಅರೋರಾ ಎರಡೂ ಹಡಗು ದೊಡ್ಡವರಿಗೆ ಮಾತ್ರ. ಸಾಗಾ 50 ದಾಟಿದವರಿಗಾಗಿ ಇರುವ ಕಂಪನಿ. ಗೊರಕೆ ಸಮಸ್ಯೆ ಇದ್ದರೆ ಒಬ್ಬರಿಗೇ ಅಂತ ಮಾಡಿದ ಕ್ಯಾಬಿನ್ ನೋಡಿ. ನಾರ್ವೀಜಿಯನ್ ಎಪಿಕ್ ಹಡಗು 2010ರಲ್ಲಿ ಬಂದಾಗಲೇ ಅದರಲ್ಲಿ ಅಂಥ 128 ಇದ್ದವು, ವರ್ಜಿನ್‌ನಲ್ಲೂ ಕೆಲವು ಇವೆ. ಎಲ್ಲರೂ ಹೋಗುವ ಹಡಗೇ ಗತಿ ಅನ್ನುವುದಾದರೆ ಶಾಲೆ ನಡೆಯುವ ದಿನಗಳಲ್ಲಿ ಹೋಗಿ. ಹತ್ತು ದಿನ ಮೀರಿದ ಪ್ರಯಾಣ ಹಿಡಿದರೆ ಮಕ್ಕಳು ಇನ್ನೂ ಕಡಿಮೆ.

ದುಡ್ಡಿನ ಮಾತು. ಕ್ಯಾಬಿನ್ ದರವನ್ನು ಸಾಮಾನ್ಯವಾಗಿ ಇಬ್ಬರ ಲೆಕ್ಕದಲ್ಲಿ, ತಲೆಗೆ ಇಷ್ಟು ಅಂತ ಹಾಕಿರುತ್ತಾರೆ. ಕೊನೆ ಗಳಿಗೆಯಲ್ಲಿ ಒಬ್ಬರು ಬರದಿದ್ದರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಎಷ್ಟೋ ಕಡೆ ಒಬ್ಬರೇ ಇಬ್ಬರ ದರ ಕೊಡಬೇಕಾಗುತ್ತದೆ. ಅದಕ್ಕೇ ನಾವಿಬ್ಬರೂ ಪ್ರಯಾಣ ವಿಮೆ ಮಾಡಿಸುತ್ತೇವೆ. ಟಿಕೆಟ್ ದರ ಮಾತ್ರ ನೋಡಿ ಹೋಲಿಸಬೇಡಿ. ಟಿಪ್ಸ್, ವೈಫೈ, ಕಾಫಿ, ದುಡ್ಡು ಕೊಟ್ಟು ತಿನ್ನುವ ರೆಸ್ಟೋರೆಂಟ್, ಬಂದರಿನ ಸುತ್ತಾಟ, ಲಾಂಡ್ರಿ ಎಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ನಾವು ಕೂಡಿಸಿದಾಗ, ಮೊದಲು ಅಗ್ಗ ಅನಿಸಿದ ಹಡಗು ಇಳಿಯುವ ಹೊತ್ತಿಗೆ ವರ್ಜಿನ್ ಹತ್ತಿರಕ್ಕೇ ಬಂದಿತ್ತು. ವೈಕಿಂಗ್‌ನಲ್ಲಿ ಅಷ್ಟೆಲ್ಲ ಸೇರಿದ್ದರೂ ಮೂರರಲ್ಲಿ ಅದೇ ದುಬಾರಿ. ನಮ್ಮ ಸಂಬಳದಲ್ಲಿ ಅದು ಎರಡು ವರ್ಷಕ್ಕೊಮ್ಮೆ. ವರ್ಜಿನ್ ಆದರೆ ವರ್ಷಕ್ಕೊಮ್ಮೆ ಹೇಗೋ ಹೊಂದಿಸಬಹುದು, ವರ್ಷಕ್ಕೊಮ್ಮೆ ಅವಳ ಜೊತೆ ಹೋಗುವುದು ನನಗೆ ಮುಖ್ಯ.

ಕಳೆದ ವಾರ ಮುಂದಿನ ವರ್ಷದ ಪ್ರಯಾಣ ಬುಕ್ ಮಾಡಿದೆವು, ಮತ್ತೆ ವರ್ಜಿನ್. ಕ್ಯಾಬಿನ್ ನಂಬರ್ ಆರಿಸಿದ್ದು ನಾನು. ಎರಡು ಹಾಸಿಗೆ, ಬಾಲ್ಕನಿಗೆ ದಾರಿ ಬಿಟ್ಟು, ಅಂತ ಪತ್ರ ಬರೆದದ್ದು ಅವಳು. ಆಗುತ್ತದೆ ಅಂತ ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿದೆವು.