ಪೋಲೋಗೆ ಪಿಕಪ್ ತುಂಬಿಸಿದ್ದು, ಪುಂಟೋವನ್ನು ಹಾಗೇ ಓಡಿಸಿದ್ದು

ಮೂರು ವರ್ಷ ಫೋಕ್ಸ್‌ವ್ಯಾಗನ್ ಕಂಪನಿಯ ಪೋಲೋ ಜಿಟಿ ಟಿಎಸ್‌ಐ ಕಾರು ಓಡಿಸಿದೆ. ಈಗ ಎರಡು ವರ್ಷದಿಂದ ಫಿಯೆಟ್‌ನ ಅಬಾರ್ತ್ ಪುಂಟೋ. ಎರಡೂ ಸೆಕೆಂಡ್ ಹ್ಯಾಂಡ್. ಪೋಲೋ 4.75 ಲಕ್ಷಕ್ಕೆ ಸಿಕ್ಕಿತು, ಪುಂಟೋ 5.6 ಲಕ್ಷಕ್ಕೆ. ಮನೆಯಲ್ಲಿ ಹೇಳಿದ ಲೆಕ್ಕ ಇಷ್ಟೇ.

ಹಳೇ ಗಾಡಿಯಲ್ಲಿ ಒಂದು ಲಾಭ ಇದೆ. ಲೈಫ್ ಟ್ಯಾಕ್ಸ್ ಮೊದಲ ಮಾಲೀಕರೇ ಕಟ್ಟಿರುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಪೆಟ್ರೋಲ್ ಕಾರಿಗೆ ಅದೇ 18%. ಅಂದರೆ ತೆರಿಗೆಯ ದುಡ್ಡಲ್ಲೇ ಒಂದು ಹಳೇ ಕಾರು ಬರುತ್ತದೆ.

ಪೋಲೋದ್ದು 1.2 ಲೀಟರ್ ಟರ್ಬೊ, 105 ಹಾರ್ಸ್‌ಪವರ್. ಗೇರ್‌ಬಾಕ್ಸ್ 7 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಸಾಕಾಗಿತ್ತು, ಆದರೆ ನನಗೆ ಸಾಕಾಗಲಿಲ್ಲ. ರೀಮ್ಯಾಪ್‌ಗೆ, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸೋದಕ್ಕೆ, 38 ಸಾವಿರ ಕೊಟ್ಟೆ. ದಪ್ಪ ಸೈಲೆನ್ಸರ್‌ಗೆ 32 ಸಾವಿರ. ಎಳೆತ ಜಾಸ್ತಿಯಾದ ಮೇಲೆ ಮುಂದಿನ ಚಕ್ರ ಸುಮ್ನೆ ತಿರುಗೋಕೆ ಶುರುವಾಯಿತು. ಅದಕ್ಕೆ ಅಗಲದ ಟೈರು, 28 ಸಾವಿರ. ಒಂದು ಖರ್ಚು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ಆ ಗಾಡಿ ಹತ್ತಿದ ರೀತಿ ಇವತ್ತಿಗೂ ನೆನಪಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ವಾರಕ್ಕೆ ಐದು ದಿನ ನಾನು ಇರುವುದು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ. ಆ ಡಿಎಸ್‌ಜಿಯಲ್ಲಿ ಇರುವುದು ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್. ಇಂಚಿಂಚು ತೆವಳುವಾಗ ಅದು ಬಿಸಿಯಾಗುತ್ತದೆ. ಮೇಲಿಂದ ನಾನು ತುಂಬಿಸಿದ ಹೆಚ್ಚಿನ ಎಳೆತ. ಎರಡೇ ವರ್ಷಕ್ಕೆ ಕ್ಲಚ್ ಸವೆದು ಹೋಯಿತು. ಬಿಲ್ 1.2 ಲಕ್ಷ. ತಪ್ಪು ಗಾಡಿಯದ್ದಲ್ಲ, ನನ್ನದೇ. ಕೂಡಿಸಿದರೆ ಪೋಲೋಗೆ ಬಿದ್ದದ್ದು 6.93 ಲಕ್ಷ.

ಪುಂಟೋ ಕಾರ್ಖಾನೆಯಿಂದಲೇ 145 ಹಾರ್ಸ್‌ಪವರ್. 1.4 ಲೀಟರ್ ಟರ್ಬೊ, 5 ಗೇರಿನ ಮ್ಯಾನುವಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ತಂದ ತಿಂಗಳೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಬದಲಿಸಿದೆ, 25 ಸಾವಿರ. ನಾಲ್ಕು ಟೈರು 34 ಸಾವಿರ. ಒಟ್ಟು 6.19 ಲಕ್ಷ. ಆಮೇಲೆ ಸರ್ವಿಸ್ ಬಿಟ್ಟು ಬೇರೇನೂ ಮುಟ್ಟಿಲ್ಲ.

ಪೆಟ್ರೋಲ್ ಮಾತ್ರ ಪುಂಟೋ ಚೆನ್ನಾಗಿ ಕುಡಿಯುತ್ತದೆ. ನನ್ನ ಕೈಯಲ್ಲಿ ಪೋಲೋ ಸರಾಸರಿ 11 ಕಿ.ಮೀ. ಕೊಡುತ್ತಿತ್ತು, ಇದು 9.5. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಸುಮಾರು 1,500 ರೂಪಾಯಿ ವ್ಯತ್ಯಾಸ. ಟ್ರಾಫಿಕ್‌ನಲ್ಲಿ ಎಡಗಾಲು ನೋಯುತ್ತದೆ. ಫಿಯೆಟ್ 2019ರಲ್ಲೇ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ನಾನು ಹಂಪ್‌ಗೆ ಗುದ್ದಿ ಬಂಪರ್ ಒಡೆದುಕೊಂಡಾಗ ಬೇರೆ ಬಂಪರ್ ಹುಡುಕಿ ಜೆ.ಸಿ. ರೋಡ್, ಶಿವಾಜಿನಗರ ಗುಜರಿ ಎಲ್ಲ ಅಲೆದೆ. ಈ ಅಲೆದಾಟಕ್ಕೆ ಬಿಲ್ ಇಲ್ಲ, ಅಲ್ವಾ?

ಇನ್ಶೂರೆನ್ಸ್ ವಿಷಯದಲ್ಲಿ ಪುಂಟೋ ನೆಮ್ಮದಿ. ಮಾರ್ಪಾಡು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರ ಆಗಬಹುದು. ತಯಾರಕರ ಮೂಲ ವಿನ್ಯಾಸ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಪೋಲೋ ಓಡಿಸುವಾಗ ಪೊಲೀಸರನ್ನು ಕಂಡರೆ ಆಕ್ಸಿಲರೇಟರ್ ಮೇಲಿನ ಕಾಲು ತಾನಾಗೇ ಮೇಲೇಳುತ್ತಿತ್ತು. ಅಷ್ಟು ಸದ್ದು.

ದುಡ್ಡಿನ ಲೆಕ್ಕದಲ್ಲಿ ನನ್ನ ವೋಟು ಪುಂಟೋಗೆ. ಆಟೋಮ್ಯಾಟಿಕ್ಕೇ ಬೇಕು ಅನ್ನುವವರು ಪೋಲೋ ತಗೊಳ್ಳಿ, ಆದರೆ ಇದ್ದ ಹಾಗೇ ಓಡಿಸಿ. ನನ್ನ ಪೋಲೋ ಕೊಂಡವರು ಹಳೇ ಸೈಲೆನ್ಸರ್ ಹಾಕಿಕೊಟ್ಟರೆ ಮಾತ್ರ ತಗೊಳ್ತೀನಿ ಅಂದರು. ಆ 32 ಸಾವಿರದ ಸೈಲೆನ್ಸರ್ ಈಗ ಅಟ್ಟದ ಮೇಲಿದೆ. ಗುಜರಿಯವನು 2 ಸಾವಿರ ಅಂದ.