ಹೊಸ ಡೈವ್ ವಾಚಿಗೆ ಕಾಯುವುದೋ, ಇರುವುದನ್ನೇ ಕೊಳ್ಳುವುದೋ: ಮಲೆನಾಡಿನ ಕೈಗೆ ಮೂರು ವಾಚು

ಚಿಕ್ಕಮಗಳೂರಿನ ಜನವರಿ ಬೆಳಿಗ್ಗೆ ಮಣಿಕಟ್ಟಿನ ಮೇಲೆ ಸಡಿಲವಾಗಿ ಜಾರುವ ಚೈನು, ಮಧ್ಯಾಹ್ನದ ಬಿಸಿಲಿಗೆ ಚರ್ಮದ ಮೇಲೆ ಅಚ್ಚೊತ್ತುತ್ತದೆ. ಚಳಿಗೆ ಕೈ ಕುಗ್ಗುತ್ತದೆ, ಬಿಸಿಲಿಗೆ ಉಬ್ಬುತ್ತದೆ. ದುಬಾರಿ ಡೈವ್ ವಾಚಿನ (ನೀರಿನಲ್ಲಿ ಮುಳುಗುವವರಿಗೆಂದು ಮಾಡಿದ ವಾಚು) ಹೊಸ ಆವೃತ್ತಿಗೆ ಕಾಯಬೇಕೆ ಎಂದು ಕೇಳುವವರು ಮೊದಲು ನೋಡಬೇಕಾದದ್ದು ಇದನ್ನೇ, ಮೆಷಿನ್ ನಂಬರನ್ನಲ್ಲ.

ಸ್ವಿಸ್ ಕಂಪನಿ ಟ್ಯೂಡರ್‌ನ ಡೈವ್ ವಾಚು ಬ್ಲ್ಯಾಕ್ ಬೇ 58ರ 2018ರ ಕಪ್ಪು ಮಾದರಿಯನ್ನೂ 2025ರ ಬರ್ಗಂಡಿ (ಕಡುಗೆಂಪು) ಬಣ್ಣದ ಪರಿಷ್ಕೃತ ಮಾದರಿಯನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಎರಡೂ 39 ಮಿ.ಮೀ. ಅಗಲ, ಎರಡೂ 200 ಮೀಟರ್‌ವರೆಗೆ ನೀರು ತಡೆಯುವಂಥವು. ದಪ್ಪ 11.9ರಿಂದ 11.7 ಮಿ.ಮೀ.ಗೆ ಇಳಿದಿದೆ, ಕೈಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಚೈನಿನ ಕೊಕ್ಕೆ. ಹಳೆಯದರಲ್ಲಿ ಚೈನು ಹಿಗ್ಗಿಸಲು ಮೊನಚಾದ ಕಡ್ಡಿಯಿಂದ ಸ್ಪ್ರಿಂಗ್ ಬಾರ್ (ಚೈನನ್ನು ಕೊಕ್ಕೆಗೆ ಹಿಡಿದಿಡುವ ಸಣ್ಣ ಸರಳು) ಒತ್ತಿ ಪಕ್ಕದ ತೂತಿಗೆ ಕೂರಿಸಬೇಕು. ಕಡ್ಡಿ ಜಾರಿದರೆ ಹೊಳಪಿನ ಮೇಲೆ ಗೀರು, ಬಾರ್ ಸಿಡಿದು ಮಂಚದಡಿ. ಹೊಸದರ ಟಿ-ಫಿಟ್ ಕೊಕ್ಕೆಯಲ್ಲಿ ಐದು ಮೆಟ್ಟಿಲಿವೆ, ಒಟ್ಟು 8 ಮಿ.ಮೀ. ಹೊಂದಾಣಿಕೆ, ಯಾವ ಉಪಕರಣವೂ ಬೇಡ. ದಿನಕ್ಕೆ ಎರಡು ಸಲ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಮೆಷಿನ್ ವಿಷಯದಲ್ಲಿ ಲೆಕ್ಕ ಅಷ್ಟು ನೇರವಿಲ್ಲ. ಹೊಸದಕ್ಕೆ ಸ್ವಿಸ್ ಸರ್ಕಾರದ ಮಾಪನ ಸಂಸ್ಥೆ ಮೆಟಾಸ್‌ನ ಪ್ರಮಾಣಪತ್ರವಿದೆ: ವ್ಯತ್ಯಾಸ ದಿನಕ್ಕೆ 0ರಿಂದ +5 ಸೆಕೆಂಡ್, 15,000 ಗಾಸ್ (ಕಾಂತಬಲದ ಅಳತೆ) ಕಾಂತಕ್ಕೂ ಜಗ್ಗದು. ಆದರೆ ಬಿಚ್ಚಿಟ್ಟ ಮೇಲೆ ಚಾವಿ ಉಳಿಯುವ ಅವಧಿ 70 ಗಂಟೆಯಿಂದ 65ಕ್ಕೆ ಇಳಿದಿದೆ. ಶುಕ್ರವಾರ ರಾತ್ರಿ 8ಕ್ಕೆ ಬಿಚ್ಚಿಟ್ಟರೆ ಹಳೆಯದು ಸೋಮವಾರ ಸಂಜೆ 6ರವರೆಗೆ, ಹೊಸದು ಮಧ್ಯಾಹ್ನ 1ರವರೆಗೆ ಓಡುತ್ತದೆ. ಸೋಮವಾರ ಬೆಳಿಗ್ಗೆ ಕಟ್ಟುವವರಿಗೆ ಎರಡೂ ಒಂದೇ.

55 ಗಂಟೆಯ ಒಮೆಗಾ ಸೀಮಾಸ್ಟರ್ ಡೈವರ್ 300ಎಂ ಮಾತ್ರ ಸೋಮವಾರ ನಸುಕಿನ 3ಕ್ಕೇ ನಿಂತಿರುತ್ತದೆ. 42 ಮಿ.ಮೀ. ಅಗಲ, 13 ಮಿ.ಮೀ. ದಾಟಿದ ದಪ್ಪ. ರೇನ್‌ಕೋಟಿನ ತೋಳು ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮೆಟಾಸ್ ಪ್ರಮಾಣಪತ್ರ ಇದಕ್ಕೆ 2018ರಿಂದಲೇ ಇದೆ, ಕೊಕ್ಕೆಯೂ ಒತ್ತಿ ಜಾರಿಸುವಂಥದ್ದು, ಹಾಗಾಗಿ ಇದನ್ನು ಮೆಚ್ಚಿದವರು ಕಾಯುವ ಅಗತ್ಯವೇ ಇಲ್ಲ. ಹತ್ತು ಗಂಟೆಯ ಜಾಗದ ಹೀಲಿಯಂ ವಾಲ್ವ್ ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಇರುವ ಮುಳುಗುಗಾರರಿಗೆ. ಅಯ್ಯನಕೆರೆಗೆ ಇಳಿಯುವವರಿಗೆ ಅದರ ಗೊಡವೆ ಬೇಡ.

ಬೆಜೆಲ್‌ನಲ್ಲಿ (ಗಾಜಿನ ಸುತ್ತ ತಿರುಗುವ ಬಳೆ) ಮಾತ್ರ ಹಳೆಯ ಟ್ಯೂಡರ್ ಕೂಡ ಒಮೆಗಾವನ್ನು ಸೋಲಿಸುತ್ತದೆ. ಅಂಚಿನ ಹಲ್ಲು ಒದ್ದೆ ಬೆರಳಿಗೂ ಸಿಗುತ್ತದೆ; ಒಮೆಗಾದ ಅಲೆಯಂಚು ಜಾರುತ್ತದೆ. ಆದರೆ ಟ್ಯೂಡರ್‌ನದು ಅಲ್ಯೂಮಿನಿಯಂ, ಗೀರು ಬೀಳುತ್ತದೆ. ಒಮೆಗಾದ ಸೆರಾಮಿಕ್‌ಗೆ ಗೀರು ಬೀಳದು, ಕಲ್ಲಿಗೆ ಬಡಿದರೆ ಒಡೆದೀತು. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ) ಕಾಲದಲ್ಲಿ ಇನ್ನೊಂದು ತೊಂದರೆ: ಕಾಫಿ ಹಣ್ಣಿನ ಲೋಳೆ ಬೆಜೆಲ್ ಸಂದಿಗೆ ಸೇರಿ ಒಣಗಿದರೆ ಅದು ಬಿಗಿದುಕೊಳ್ಳುತ್ತದೆ. ಎಣ್ಣೆ ಬಿಡಬೇಡಿ, ಧೂಳು ಅಂಟುತ್ತದೆ. ಕೀ ತಿರುಪಿ ಭದ್ರವಾಗಿ ಮುಚ್ಚಿ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಆಡಿಸುತ್ತ ಬೆಜೆಲ್ ತಿರುಗಿಸಿ. ಹಳೆಯ 58ರ ಚೈನಿನ ಪಕ್ಕದ ರಿವೆಟ್ ತಲೆಗಳ ಸುತ್ತಲೂ ಇದೇ ಕೊಳೆ ಕೂರುತ್ತದೆ. ಚರ್ಮದ ಪಟ್ಟಿಯ ಮಾತೇ ಬೇಡ, ಆಷಾಢ ಮುಗಿಯುವುದರೊಳಗೆ ಬೂಷ್ಟು.

ಕೈಬದಲಾದ ಹಳೆಯ ಮಾದರಿ ಕೊಳ್ಳುವುದಾದರೆ ತೇವದ ಪರೀಕ್ಷೆ ಮಾಡಿ. ವಾಚನ್ನು 40–45 ಡಿಗ್ರಿಗೆ ಬೆಚ್ಚಗಾಗಿಸಿ (ಕುದಿಯುವ ಕಾಫಿ ಲೋಟದ ಮೇಲಲ್ಲ), ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒಂದು ನಿಮಿಷದ ಮೇಲೆ ಒರೆಸಿ. ಒಳಗೆ ಮಂಜು ಕಂಡರೆ ಬಿಟ್ಟು ಬನ್ನಿ.

ಇನ್ನು ಕಾಯುವ ವಿಚಾರ. ಹೊಸ ಮಾದರಿಗಳ ಘೋಷಣೆ ಬಹುಪಾಲು ಏಪ್ರಿಲ್‌ನ ಜಿನೀವಾ ಮೇಳದಲ್ಲಿ. ಫೆಬ್ರವರಿ, ಮಾರ್ಚ್ ಆಗಿದ್ದರೆ ಏಪ್ರಿಲ್ ಕಳೆಯಲಿ. ಜೂನ್ ಆಗಿದ್ದರೆ ಇನ್ನೊಂದು ಏಪ್ರಿಲ್‌ವರೆಗೆ ಊಹೆ ನಂಬಿ ಕೂರುವುದು ವ್ಯರ್ಥ. ಸ್ವಿಟ್ಜರ್‌ಲ್ಯಾಂಡ್ ಸೇರಿದ ಐರೋಪ್ಯ ಎಫ್ಟಾ ಗುಂಪಿನ ದೇಶಗಳ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿ ಸ್ವಿಸ್ ವಾಚಿನ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ, ನಿಜ. ಆದರೆ ಕಂಪನಿಗಳು ಬೆಲೆ ಏರಿಸುವುದೂ ನಿಂತಿಲ್ಲ. ಸುಂಕಕ್ಕೆಂದೇ ಕಾಯುವುದು ನಮಗೆ ಸರಿ ಕಾಣುವುದಿಲ್ಲ. ನಿಮಗೆ ಬೇಕಾದ ಬಣ್ಣದಲ್ಲಿ ಟಿ-ಫಿಟ್ ಇಲ್ಲವೆಂದರೆ ಕಾಯಿರಿ. ಬರೀ ಮೆಟಾಸ್‌ಗಾಗಿ ಬೇಡ.

ಕೊಳ್ಳಲು ಬೆಂಗಳೂರಿಗೇ ಹೋಗಬೇಕು. ನಾಲ್ಕೈದು ಗಂಟೆ ಪ್ರಯಾಣ ಮಾಡಿ ಇಳಿದಾಗ ಕೈ ಉಬ್ಬಿರುತ್ತದೆ. ಆ ಅಳತೆಗೇ ಕೊಂಡಿ ತೆಗೆಸಿದರೆ ಊರಿನ ಚಳಿಗೆ ಚೈನು ಸಡಿಲ. ಟಿ-ಫಿಟ್ ಅನ್ನು ನಡುವಿನ ಮೆಟ್ಟಿಲಲ್ಲಿಟ್ಟು ಅಳತೆ ಮಾಡಿಸಿ, ತೆಗೆದ ಕೊಂಡಿಗಳನ್ನು ಎಣಿಸಿ ಪಡೆದುಕೊಳ್ಳಿ.