ಸುರುಳಿ ಅಲೋ ಬೀಜದ ಜಾಹೀರಾತಿಗೆ ಮರುಳಾಗಬೇಡಿ

ಎಲೆಗಳು ಚಕ್ರದಂತೆ ಸುತ್ತಿಕೊಂಡು ಬೆಳೆದ, ಲೋಳೆಸರದ ಬಳಗದ ಅಲೋ ಗಿಡದ ಚಿತ್ರ, ಕೆಳಗೆ ‘100 ಬೀಜಕ್ಕೆ 249 ರೂಪಾಯಿ’. ಈ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ನೀಲಿ, ನೇರಳೆ, ಗುಲಾಬಿ ಬಣ್ಣದವೂ ಇರುತ್ತವೆ. ದಯವಿಟ್ಟು ಕೊಳ್ಳಬೇಡಿ. ನಾನು ತರಿಸಿದ ಪೊಟ್ಟಣದಲ್ಲಿ ಬಂದದ್ದು ಕಾಮಕಸ್ತೂರಿ ಬೀಜ.

ಬಿತ್ತುವ ಮೊದಲು ನೆನೆಯಲೆಂದು ಬಟ್ಟಲು ನೀರಿಗೆ ಹಾಕಿದ್ದರಿಂದ ಗುಟ್ಟು ಬಯಲಾಯಿತು. ಕಾಲು ಗಂಟೆಯೊಳಗೆ ಒಂದೊಂದು ಕಪ್ಪು ಕಾಳಿನ ಸುತ್ತಲೂ ಬೂದು ಬಿಳುಪಿನ ಲೋಳೆ ಉಬ್ಬಿ, ಬಟ್ಟಲು ತುಂಬ ಕಪ್ಪೆಮೊಟ್ಟೆ ಇಟ್ಟಂತಾಯಿತು. ಅಡುಗೆಮನೆಗೆ ಬಂದ ಅತ್ತೆ ಇಣುಕಿ ನೋಡಿ, “ಶರಬತ್ತಿಗೆ ನೆನೆಹಾಕಿದ್ದೀಯೇನಮ್ಮ?” ಎಂದರು. ಅಲೋ ಬೀಜ ಹೀಗೆ ಲೋಳೆ ಬಿಡುವುದಿಲ್ಲ. ಅದು ಚಪ್ಪಟೆಯಾಗಿ, ಕಂದುಗಪ್ಪಾಗಿ, ಮೂಲೆಮೂಲೆಯಾಗಿರುತ್ತದೆ; ಅಂಚಿಗೆ ತೆಳ್ಳನೆಯ ಪೊರೆಯಂಥ ರೆಕ್ಕೆ ಇರುತ್ತದೆ. ಅಂಗೈಯಲ್ಲಿಟ್ಟು ಊದಿದರೆ ಹಾರಿಹೋಗುತ್ತದೆ.

ಮಾರಾಟಗಾರನಿಗೆ ಚಿತ್ರಸಹಿತ ಬರೆದೆ. “ಇದು ಬೇರೆ ತಳಿ, ಬೀಜ ಹೀಗೆಯೇ ಇರುತ್ತದೆ, ಬಿತ್ತಿ 90 ದಿನ ಕಾಯಿರಿ” ಎಂಬ ಉತ್ತರ ಬಂತು. ವಸ್ತುವನ್ನು ಹಿಂತಿರುಗಿಸುವ ಅವಧಿ ಏಳೇ ದಿನ! ಇದು ಅಜ್ಞಾನದ ಉತ್ತರವಲ್ಲ, ಲೆಕ್ಕ ಹಾಕಿ ಬರೆದ ಉತ್ತರ.

ಸಸಿ ತರಿಸಿದವರ ಗತಿಯೂ ಇದೇ. ನಿಜವಾದ ಸುರುಳಿ ಅಲೋ ಕೂಡ ಎಳೆಯದರಲ್ಲಿ ಸುತ್ತಿಕೊಂಡಿರುವುದಿಲ್ಲ. ಕೆಲವು ವರ್ಷ ಬೆಳೆದು ಅಗಲವಾದ ಮೇಲಷ್ಟೇ ಎಲೆಗಳು ಐದು ಸಾಲಾಗಿ, ಎಡಕ್ಕೋ ಬಲಕ್ಕೋ ತಿರುಗುತ್ತಾ ಹೋಗುತ್ತವೆ. ಮೋಸಗಾರರಿಗೆ ಇದಕ್ಕಿಂತ ಅನುಕೂಲ ಬೇಕೆ? ಯಾವ ಸಸಿಯನ್ನು ಕಳಿಸಿದರೂ ‘ಮುಂದೆ ಸುತ್ತಿಕೊಳ್ಳುತ್ತದೆ’ ಎನ್ನಬಹುದು. ನನ್ನ ಸಹೋದ್ಯೋಗಿಯೊಬ್ಬರು ಬಿಳಿ ಚುಕ್ಕೆಯ ಪುಟ್ಟ ಸಸಿಯೊಂದನ್ನು ಮಗುವಿನಂತೆ ಸಾಕಿದರು. ಚುಕ್ಕೆ ಮಾಯವಾಯಿತು, ಮಗ್ಗುಲಲ್ಲಿ ಮರಿಗಳೆದ್ದವು. ನೋಡಿದರೆ ಹಿತ್ತಲಿನ ಮಾಮೂಲಿ ಲೋಳೆಸರ. ಎಳೆಯ ಲೋಳೆಸರಕ್ಕೆ ಬಿಳಿ ಚುಕ್ಕೆ ಇರುವುದು ಸಹಜ. ಸುರುಳಿ ಅಲೋ ಹಾಗೆಲ್ಲ ಮರಿ ಹಾಕುವುದೂ ಅಪರೂಪ.

ಇನ್ನು ಅಸಲಿ ಗಿಡದ ವಿಷಯ. ಅದರ ಶಾಸ್ತ್ರೀಯ ಹೆಸರು ಅಲೋ ಪಾಲಿಫಿಲ್ಲಾ. ದಕ್ಷಿಣ ಆಫ್ರಿಕಾದ ನಡುವೆ ಇರುವ ಲೆಸೋಥೊ ದೇಶದ ರಾಷ್ಟ್ರೀಯ ಪುಷ್ಪ. ಅಲ್ಲಿನ ಪರ್ವತಗಳಲ್ಲಿ 2,000 ಮೀಟರಿಗೂ ಎತ್ತರದ ಕಲ್ಲಿಳಿಜಾರುಗಳಲ್ಲಿ, ಮಂಜು ಕವಿದು ಚಳಿಗಾಲಕ್ಕೆ ಹಿಮ ಬೀಳುವ ಕಡೆ ಬೆಳೆಯುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಅದರ ಬೇರಿಗೆ ತಂಪು ಬೇಕು. ಕಾದ ತಾರಸಿಯ ಪ್ಲಾಸ್ಟಿಕ್ ಕುಂಡದಲ್ಲಿ ಕೊಳೆತುಹೋಗುತ್ತದೆ. ಎಲೆ ಬೂದು ಹಸಿರು, ತುದಿಯ ಮುಳ್ಳು ಮಾತ್ರ ಕಪ್ಪು ನೇರಳೆ. ಜಾಹೀರಾತಿನ ಕಡುನೀಲಿ ಗಿಡ ಹುಟ್ಟಿದ್ದು ಕಂಪ್ಯೂಟರಿನಲ್ಲಿ.

ಕಾಡಿನಿಂದ ಕಿತ್ತು ಮಾರುವ ಚಾಳಿಯಿಂದ ಈ ಗಿಡ ಅಳಿವಿನ ಅಂಚಿಗೆ ಬಂದು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ‘ಸೈಟ್ಸ್’ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ನರ್ಸರಿಯಲ್ಲಿ ಬೆಳೆಸಿದ್ದು ಗಡಿ ದಾಟಬೇಕಾದರೂ ಕಾಗದಪತ್ರ ಬೇಕು. ಅದರ ಮೇಲೆ, ಹೊರದೇಶದ ಬೀಜ ಭಾರತಕ್ಕೆ ಬರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇರಬೇಕು. ಇಷ್ಟೆಲ್ಲ ದಾಟಿ ಬಂದ ಬೀಜ ಒಂದಕ್ಕೆ ಎರಡೂವರೆ ರೂಪಾಯಿಗೆ ಸಿಗುತ್ತದೆಯೇ, ನೀವೇ ಹೇಳಿ.

ಈಗಾಗಲೇ ಹಣ ಕಟ್ಟಿದ್ದರೆ ಸುಮ್ಮನಿರಬೇಡಿ. ಪೊಟ್ಟಣ ಬಿಚ್ಚುವುದನ್ನು ವಿಡಿಯೊ ಮಾಡಿ. ನಾಲ್ಕು ಬೀಜ ನೀರಿಗೆ ಹಾಕಿ ಅದರ ಚಿತ್ರವನ್ನೂ ತೆಗೆಯಿರಿ. ದೂರನ್ನು ಮಾರಾಟಗಾರನ ಬಳಿಗೆ ಒಯ್ಯುವುದಕ್ಕಿಂತ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ತಿಂಗಳೊಳಗೆ ಪರಿಹಾರ ಒದಗಿಸಬೇಕು. ನನ್ನ ಹಣ ಬಂದದ್ದು ಹಾಗೆಯೇ. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಲಕೋಟೆಯ ಮೇಲೆ ವಿದೇಶದ ಅಂಚೆಚೀಟಿ ಇದ್ದರೆ ಮಾತ್ರ ಬೀಜವನ್ನು ಮಣ್ಣಿಗೂ ಹಾಕಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ. ಹತ್ತಿರದ ಕೃಷಿ ಇಲಾಖೆಗೆ ಒಪ್ಪಿಸಿ.

ಚೆಂದದ ಅಲೋ ಬೇಕೇ ಬೇಕೆಂದರೆ ಕಣ್ಣಾರೆ ನೋಡಿ ಕೊಳ್ಳಿ. ಗೋಪುರದಂತೆ ಎಲೆ ಪೇರಿಸಿಕೊಳ್ಳುವ ಅಲೋ ಜುವೆನ್ನಾ, ಪೊದೆಯಾಗಿ ಬೆಳೆದು ಕೆಂಪು ಹೂ ಬಿಡುವ ಅಲೋ ಅರ್ಬೊರೆಸೆನ್ಸ್ ಇವೆರಡೂ ಬೆಂಗಳೂರು, ಮೈಸೂರಿನ ಹವೆಗೆ ಒಗ್ಗುತ್ತವೆ. ಎರಡಕ್ಕೂ ಬೀಜದ ಗೊಡವೆಯಿಲ್ಲ. ಗೆಳೆಯರ ಮನೆಯಿಂದ ಒಂದು ತುಂಡು ಕೇಳಿ ತಂದು, ಕೊಯ್ದ ಗಾಯ ಒಣಗುವವರೆಗೆ ನೆರಳಲ್ಲಿಟ್ಟು, ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಸಾಕು.